ಹನ್ನೆರಡು ಸಾವಿರ ಕೊಟ್ಟವರೇ ಈಗ ನಗುತ್ತಿದ್ದಾರೆ

ಪ್ರಶ್ನೆ: ಮೇಡಂ, ನನ್ನ ತಮ್ಮನಿಗೆ 21 ವರ್ಷ. ಹಾಸನದಲ್ಲಿ ಬಿ.ಕಾಂ. ಓದುತ್ತಾನೆ, ಕಾಲೇಜು ಕಬಡ್ಡಿ ಟೀಮಿನ ರೈಡರ್. ಇನ್‌ಸ್ಟಾಗ್ರಾಮಿನಲ್ಲಿ ಪರಿಚಯವಾದ, ಮೂಡಿಗೆರೆ ಕಡೆಯವಳು ಎಂದು ಹೇಳಿಕೊಂಡ ಹುಡುಗಿಯ ಜೊತೆ 8 ತಿಂಗಳು ಮಾತಾಡಿದ. ಅವಳಿಗೆ ಆಪರೇಷನ್ ಅಂದಾಗ ಇವನು ಊಟ ಬಿಟ್ಟ. ನೋಡಲಾರದೆ ಟೀಮಿನ ಹುಡುಗರು 12,000 ರೂಪಾಯಿ ಒಟ್ಟು ಮಾಡಿ ಇವನ ಕೈಗೆ ಕೊಟ್ಟರು, ಇವನು ಕಳಿಸಿದ. ಈಗ ನೋಡಿದರೆ ಅಂಥ ಹುಡುಗಿಯೇ ಇಲ್ಲ, ಫೋಟೊ ಇನ್ಯಾರದ್ದೋ. ಗ್ರೌಂಡಿಗೆ ಹೋದರೆ ‘ಹಾಸನಾಂಬೆನಾದ್ರೂ ವರ್ಷಕ್ಕೊಂದ್ ಸಲ ದರ್ಶನ ಕೊಡ್ತಾಳೆ ಕಣೋ, ನಿನ್ ಹುಡ್ಗಿ ಯಾವಾಗ್ಲೋ?’ ಅಂತಾರಂತೆ. ದುಡ್ಡು ಇವನೇ ತಿಂದ ಅನ್ನುವವರೂ ಇದ್ದಾರೆ. ಮೂರು ವಾರದಿಂದ ಪ್ರಾಕ್ಟೀಸಿಗೆ ಹೋಗಿಲ್ಲ. ಕೊಬ್ಬರಿ ಮಾರಿ ಹುಡುಗರ ದುಡ್ಡು ಬಿಸಾಕೋಣ ಅಂತಾರೆ ಅಪ್ಪ. ಅಷ್ಟು ಪ್ರೀತಿಯಿಂದಿದ್ದ ಹುಡುಗರು ಹೀಗ್ಯಾಕೆ ಆಡ್ತಾರೆ?
— ಹೆಸರು ಬೇಡ, ಅರಸೀಕೆರೆ ತಾಲ್ಲೂಕು

ಉತ್ತರ: ಹಾಸನಾಂಬೆಯ ಮಾತು ಓದಿ ನನಗೂ ಒಂದು ಕ್ಷಣ ನಗು ಬಂತಮ್ಮ, ಸುಳ್ಳು ಹೇಳಲಾರೆ. ಆ ತಮಾಷೆ ತಾನಾಗಿಯೇ ಹಳತಾಗುತ್ತದೆ. ನನಗೆ ಚಿಂತೆ ಇರುವುದು ‘ಇವನೇ ತಿಂದ’ ಎನ್ನುವ ಮಾತಿನದು. ಅದು ಬಿಟ್ಟಷ್ಟೂ ಬಲಿಯುತ್ತದೆ.

ಅಮೆರಿಕದ ಆಟಗಾರನೊಬ್ಬನ ಕತೆ ಹೇಳುತ್ತೇನೆ. ಮ್ಯಾಂಟೈ ಟೆಯೊ, ಹವಾಯಿಯವರು. ನಾಟರ್ ಡೇಮ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿದ್ದರು. ಎದುರಾಳಿಯನ್ನು ತಬ್ಬಿ ಕೆಡವುವುದು ಅವರ ಕೆಲಸ. ನಿಮ್ಮ ತಮ್ಮನ ಲೆಕ್ಕದಲ್ಲಿ ಡಿಫೆಂಡರ್ ಅನ್ನಿ. 2012ರ ಸೆಪ್ಟೆಂಬರ್ 11ರಂದು ಅಜ್ಜಿ ತೀರಿಕೊಂಡ ಸುದ್ದಿ ಬಂತು. ಅದೇ ದಿನ, ಆನ್‌ಲೈನಿನಲ್ಲಿ ಪರಿಚಯವಾಗಿದ್ದ ಗೆಳತಿಯೂ ಲುಕೇಮಿಯಾದಿಂದ (ರಕ್ತದ ಕ್ಯಾನ್ಸರ್) ಸತ್ತಳೆಂದು ಫೋನ್. ನಾಲ್ಕೇ ದಿನಕ್ಕೆ ಮೈದಾನಕ್ಕಿಳಿದು ಆಡಿದರು, ತಂಡ 20–3ರಲ್ಲಿ ಗೆದ್ದಿತು. ಮುಂದಿನ ವಾರ ತವರಿನ ಪಂದ್ಯಕ್ಕೆ ಬಂದ ಅಭಿಮಾನಿಗಳು ಅವರಿಗೋಸ್ಕರ ಹವಾಯಿಯ ಹೂಮಾಲೆ ಹಾಕಿಕೊಂಡು ಕೂತಿದ್ದರು.

2013ರ ಜನವರಿ 16ರಂದು ಡೆಡ್‌ಸ್ಪಿನ್ ಎಂಬ ಜಾಲತಾಣ ಬಯಲಿಗೆಳೆಯಿತು: ಆ ಹುಡುಗಿ ಸತ್ತಿರಲಿಲ್ಲ, ಹುಟ್ಟಿಯೇ ಇರಲಿಲ್ಲ. ಫೋನಿನಲ್ಲಿ ದನಿ ಬದಲಿಸಿ ಮಾತಾಡುತ್ತಿದ್ದದ್ದು ಬೇರೆಯೇ ವ್ಯಕ್ತಿ. ಅಷ್ಟೇ, ಶುರುವಾಯಿತು. ಪಕ್ಕದಲ್ಲಿ ಯಾರೂ ಇಲ್ಲದೆ, ಗಾಳಿಯ ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಳ್ಳುವುದೇ ಜನರಿಗೆ ಆಟವಾಯಿತು. ಮಾಲೆಗೂ ಆ ಫೋಟೊಗಳಿಗೂ ನಡುವೆ ನಾಲ್ಕು ತಿಂಗಳೂ ಇಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಮರುಗಿದವರಿಗೆ ತಾವೂ ಮೋಸಹೋದೆವು ಅನ್ನಿಸುತ್ತದೆ. ಮೋಸ ಮಾಡಿದವನು ಕಣ್ಣಿಗೆ ಬೀಳುವುದಿಲ್ಲ, ನಿಮ್ಮ ತಮ್ಮ ದಿನಾ ಎದುರಿಗಿರುತ್ತಾನೆ. ಸಿಟ್ಟು ಇವನ ಮೇಲೆ ತಿರುಗುತ್ತದೆ, ನಗುವಿನ ವೇಷ ಹಾಕಿಕೊಂಡು.

ಟೆಯೊ ಮೇಲೂ ‘ಇವನೂ ಶಾಮೀಲು’ ಎಂಬ ಅನುಮಾನ ಬಂದಿತ್ತು. ಕಾರಣ ಒಂದು ಸಣ್ಣ ಸುಳ್ಳು. ಕಾಣದ ಹುಡುಗಿಯನ್ನು ಪ್ರೀತಿಸುತ್ತೇನೆ ಎನ್ನಲು ನಾಚಿಕೆಯಾಗಿ, ಭೇಟಿಯಾಗಿದ್ದೇನೆ ಎಂದು ಅಪ್ಪನಿಗೇ ಹೇಳಿದ್ದರು. ಡಿಸೆಂಬರಿನಲ್ಲಿ ‘ಸತ್ತವಳ’ ಫೋನ್ ಬಂದ ಮೇಲೂ ಕೆಲವು ದಿನ ಹಳೆಯ ಕತೆಯನ್ನೇ ಹೇಳಿದರು. ನಿಮ್ಮ ತಮ್ಮನನ್ನು ಒಬ್ಬನೇ ಇದ್ದಾಗ ಮೆಲ್ಲಗೆ ಕೇಳಿ: ‘ಬೇಲೂರು ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ್ಲು’ ಎಂದೇನಾದರೂ ಹುಡುಗರ ಮುಂದೆ ಬಿಟ್ಟಿದ್ದಾನಾ? ಇಂಥ ಪ್ರಕರಣಗಳಲ್ಲಿ ಹೆಚ್ಚಾಗಿ ಬಿಟ್ಟಿರುತ್ತಾರೆ. ಬೈಯಬೇಡಿ. ಆದರೆ ಟೀಮಿನ ಮುಂದೆ ಒಂದು ಸಲ, ಕೋಚ್ ಇರುವಾಗ, ಆ ಸುಳ್ಳನ್ನೂ ಸೇರಿಸಿಯೇ ಎಲ್ಲ ಹೇಳಿಬಿಡಲಿ. ಕಂತು ಕಂತಾಗಿ ಹೊರಬಂದರೆ ಪ್ರತಿ ಕಂತಿಗೂ ಹೊಸ ಅನುಮಾನ.

ಅದಕ್ಕೆ ಮೊದಲು ದೂರು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಇಲ್ಲವೇ ಸೈಬರ್ ಅಪರಾಧ ನೋಡಿಕೊಳ್ಳುವ ಹಾಸನದ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಯುಪಿಐ ವಹಿವಾಟಿನ ನಂಬರು, ಆ ಖಾತೆಯ ಹೆಸರು, ಚಾಟು ಎಲ್ಲ ಬೇಕು. ನಾಚಿಕೆಗೆ ಅಳಿಸಿಬಿಟ್ಟಾನು, ಹುಷಾರು. ಮೂರು ವಾರ ಕಳೆದಿರುವುದರಿಂದ ದುಡ್ಡು ಸಿಗುವ ಭರವಸೆ ಕೊಡಲಾರೆ, ಇದರಲ್ಲಿ ಮೊದಲ ಗಂಟೆಗಳೇ ಮುಖ್ಯ. ಆದರೆ ಬೇರೆಯವರ ವೇಷದಲ್ಲಿ ಆನ್‌ಲೈನಿನಲ್ಲಿ ವಂಚಿಸುವುದು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಡಿ ಕಲಂ ಪ್ರಕಾರ ಅಪರಾಧ, 3 ವರ್ಷದವರೆಗೆ ಜೈಲು. ದೂರಿನ ರಸೀದಿ ಕೈಯಲ್ಲಿದ್ದರೆ ‘ಇವನೇ ತಿಂದ’ ಎನ್ನುವವರಿಗೆ ಬೇರೆ ಉತ್ತರ ಬೇಕಿಲ್ಲ. ನಿಮ್ಮಪ್ಪ ದುಡ್ಡು ಕೊಡುವುದಾದರೂ ಆಮೇಲೆ ಕೊಡಲಿ. ಈಗ ಕೊಟ್ಟರೆ ತಪ್ಪೊಪ್ಪಿಕೊಂಡಂತೆ ಕಾಣುತ್ತದೆ.

ಹುಡುಗರ ಗ್ರೂಪಿನಲ್ಲಿ ಆ ಫೋಟೊ ಓಡಾಡುತ್ತಿದ್ದರೆ ಕೂಡಲೇ ನಿಲ್ಲಿಸಲು ಹೇಳಿ. ಅದು ಯಾರದೋ ಮನೆಯ ಮಗಳದು. ಟೆಯೊ ಪ್ರಕರಣದಲ್ಲೂ ಫೋಟೊದಲ್ಲಿದ್ದ ಹೆಣ್ಣುಮಗಳಿಗೆ ಏನೂ ಗೊತ್ತಿರಲಿಲ್ಲ.

ಟೆಯೊ ಆಮೇಲೆ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲೂ ಆಡಿದರು. ಆದರೆ ಮೈದಾನದಲ್ಲಿ ಮೈ ಜೋಮು ಹಿಡಿಯುವಷ್ಟು ಆತಂಕ ತನ್ನನ್ನು ಕಾಡಿತ್ತೆಂದು 2022ರಲ್ಲಿ ಹೇಳಿಕೊಂಡರು. ಹಾಗಾಗಿ ತಮ್ಮನ ನಿದ್ದೆ, ಊಟದ ಮೇಲೆ ಕಣ್ಣಿರಲಿ. ‘ನಾನಿರಬಾರದಿತ್ತು’ ಎಂಬಂಥ ಮಾತು ಬಂದರೆ ಆ ಕ್ಷಣವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಒಬ್ಬನನ್ನೇ ಬಿಡಬೇಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇನ್ನೊಂದು. ಆ 12,000ದಲ್ಲಿ ಎಲ್ಲರಿಗಿಂತ ಹೆಚ್ಚು ಕೊಟ್ಟವನು ಯಾರೆಂದು ತಮ್ಮನನ್ನು ಕೇಳಿ. ಟೀಮಿಗೆ ಹೇಳುವ ಹಿಂದಿನ ದಿನ ಅವನನ್ನು ಮನೆಗೆ ಕರೆಯಿರಿ, ಊಟಕ್ಕೆ.