ಬೀವರ್ ಬೇಟೆ ಮತ್ತು ಕ್ಲಚ್ ವೈರಿನ ಉರುಳು: ವನ್ಯಜೀವಿ ವೈದ್ಯರ ಉತ್ತರ

ಪ್ರಶ್ನೆ: ಕೆನಡಾದ ಆದಿವಾಸಿಗಳು ಬೋನು ಹಾಕಿ ಬೀವರ್ (ಹೊಳೆಗೆ ಕೊಂಬೆಗಳಿಂದ ಅಣೆ ಕಟ್ಟಿ ಗೂಡು ಮಾಡುವ, ಇಲಿ-ಅಳಿಲಿನ ಜಾತಿಯ ದೊಡ್ಡ ಪ್ರಾಣಿ) ಕೊಲ್ಲುತ್ತಾರೆ, ಆದರೂ ಪ್ರಾಣಿಯನ್ನು ಗೌರವಿಸುತ್ತೇವೆ ಎನ್ನುತ್ತಾರೆ. ಅವರದು ಸಂಪ್ರದಾಯವಾದರೆ, ಬೆಳೆ ಉಳಿಸಲು ನಾವು ತೋಟದ ಬೇಲಿಯಲ್ಲಿ ಹಂದಿಗೆ ಉರುಳು ಕಟ್ಟುವುದು ಅಪರಾಧ ಹೇಗೆ?

ಉತ್ತರ: ಈ ಪ್ರಶ್ನೆ ಪದೇ ಪದೇ ಬರುತ್ತಿದೆ. ಕೇಳುವವರಲ್ಲಿ ಹಲವರು ತಮ್ಮ ಉರುಳಿಗೊಂದು ಸಮರ್ಥನೆ ಹುಡುಕುತ್ತಿದ್ದಾರೆಂದು ನನಗನ್ನಿಸುವುದರಿಂದ ವಿವರವಾಗಿಯೇ ಹೇಳುತ್ತೇನೆ.

ಕೆನಡಾದ ಕ್ವಿಬೆಕ್ ಪ್ರಾಂತ್ಯದ ಉತ್ತರದಲ್ಲಿ, ಜೇಮ್ಸ್ ಕೊಲ್ಲಿಯ ಪೂರ್ವಕ್ಕಿರುವ ಕ್ರೀ ಎಂಬ ಆದಿವಾಸಿ ಜನರಲ್ಲಿ ಪ್ರತಿ ಬೇಟೆನೆಲಕ್ಕೂ ಒಬ್ಬ ಯಜಮಾನನಿರುತ್ತಾನೆ. ಸರ್ಕಾರಿ ಕಾಗದದಲ್ಲಿ ಅವನ ಹೆಸರು ಟ್ಯಾಲಿಮನ್, ಅಂದರೆ ಲೆಕ್ಕವಿಡುವವನು. ಯಾವ ಹೊಳೆಯಲ್ಲಿ ಎಷ್ಟು ಗೂಡುಗಳಿವೆ, ನೀರು ಹೆಪ್ಪುಗಟ್ಟುವ ಮುನ್ನ ಯಾವ ಗೂಡಿನ ಮುಂದೆ ಹಸಿ ಕೊಂಬೆಗಳ ದಾಸ್ತಾನು ಬಿದ್ದಿದೆ, ಅಂದರೆ ಯಾವುದರಲ್ಲಿ ಬೀವರ್ ಸಂಸಾರ ವಾಸವಿದೆ ಎಂಬುದನ್ನು ನೋಡಿಕೊಂಡು, ಈ ವರ್ಷ ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂದು ಅವನು ತೀರ್ಮಾನಿಸುತ್ತಾನೆ. ನಾವು ಹೊಲವನ್ನು ಬೀಳು ಬಿಡುವಂತೆ ಹಿಡಿದ ಜಾಗಕ್ಕೆ ಬಿಡುವು ಕೊಡುವ ಈ ಸರದಿಯನ್ನು ಮಾನವಶಾಸ್ತ್ರಜ್ಞ ಹಾರ್ವಿ ಫೈಟ್ ವಾಸ್ವಾನಿಪಿ ಎಂಬ ಕ್ರೀ ಊರಿನ ಬೇಟೆಗಾರರಲ್ಲಿ ದಾಖಲಿಸಿದ್ದಾರೆ. ಪ್ರಾಣಿ ತನ್ನನ್ನು ತಾನೇ ಬೇಟೆಗಾರನಿಗೆ ಒಪ್ಪಿಸಿಕೊಳ್ಳುತ್ತದೆ, ಅವಮಾನವಾದರೆ ಮತ್ತೆ ಬರುವುದಿಲ್ಲ ಎಂಬುದು ಅವರ ನಂಬಿಕೆ. ಆದ್ದರಿಂದ ಮಾಂಸವನ್ನೂ ಕೊಬ್ಬು ತುಂಬಿದ ಬಾಲವನ್ನೂ ತಿಂದು, ತುಪ್ಪಳವನ್ನು ಬಳಸಿ, ಮೂಳೆಗಳನ್ನು ನಾಯಿಗೆ ಸಿಗದಂತೆ ನೀರಿಗೆ ಮರಳಿಸುತ್ತಾರೆ. ತಲೆಬುರುಡೆಯನ್ನು ಮರಕ್ಕೆ ಕಟ್ಟುತ್ತಾರೆ.

ಇದು ಬರೀ ಆಚರಣೆಯೆಂದು ತಳ್ಳಿಹಾಕುವವರು ಅಲ್ಲಿನ ಇತಿಹಾಸ ಓದಬೇಕು. ತುಪ್ಪಳದ ಬೆಲೆ ಏರಿ ಹೊರಗಿನ ಬೇಟೆಗಾರರು ನುಗ್ಗಿದ ಮೇಲೆ, 1930ರ ಸುಮಾರಿಗೆ ಆ ಪ್ರದೇಶದ ಬೀವರ್ ಬಹುತೇಕ ನಾಶವಾಗಿ, ಕ್ರೀ ಕುಟುಂಬಗಳು ಹಸಿವಿಗೆ ಬಿದ್ದವು. 1932ರಲ್ಲಿ ಇಂದು ವಾಸ್ಕಗನಿಶ್ ಎನ್ನುವ ಕ್ರೀ ಊರಿನ ಸುತ್ತ ಬೀವರ್ ರಕ್ಷಿತ ಪ್ರದೇಶ ಏರ್ಪಟ್ಟಿತು. ಹಸಿವಿನ ನಡುವೆಯೂ ಕ್ರೀಗಳು ಬೇಟೆ ನಿಲ್ಲಿಸಿ ಗೂಡುಗಳನ್ನು ಎಣಿಸುತ್ತಾ ಕಾದರು. 1940ರಲ್ಲಿ ಲೆಕ್ಕದ ಮಿತಿಯೊಳಗೆ ಬೇಟೆ ಮತ್ತೆ ಆರಂಭವಾಯಿತು. ಸರ್ಕಾರದೊಂದಿಗೆ ಆದ 1975ರ ಜೇಮ್ಸ್ ಕೊಲ್ಲಿ ಒಪ್ಪಂದ ಅವರ ಹಕ್ಕನ್ನು ಸಂರಕ್ಷಣೆಯ ಷರತ್ತಿನೊಂದಿಗೆ ಮಾನ್ಯಮಾಡಿತು.

ಹಾಗೆಂದು ಅವರ ಬೋನಿನಲ್ಲಿ ನೋವೇ ಇಲ್ಲ ಎಂದು ಭಾವುಕರಾಗಿ ಬರೆಯುವವರನ್ನೂ ನಾನು ಒಪ್ಪುವುದಿಲ್ಲ. 1997ರಲ್ಲಿ ಕೆನಡಾ, ರಷ್ಯಾ ಮತ್ತು ಯುರೋಪಿಯನ್ ಒಕ್ಕೂಟ ಒಪ್ಪಿಕೊಂಡ ಮಾನದಂಡದ ಪ್ರಕಾರ ಬೀವರನ್ನು ಕೊಲ್ಲುವ ಬೋನು 300 ಸೆಕೆಂಡಿನೊಳಗೆ ಅದರ ಪ್ರಜ್ಞೆ ತಪ್ಪಿಸಬೇಕು. ಐದು ನಿಮಿಷ, ವೈದ್ಯನಾದ ನನಗೆ, ಬಹಳ ದೀರ್ಘ.

ಈಗ ನಿಮ್ಮ ಬೇಲಿಗೆ ಬರೋಣ. ಬೈಕಿನ ಕ್ಲಚ್ ವೈರಿನ ಉರುಳಿಗೆ ಹಂದಿ ಯಾವುದು, ಚಿರತೆ ಯಾವುದು, ಮರಿ ಹಾಕಿದ ತಾಯಿ ಯಾವುದು ಎಂದು ತಿಳಿಯುವುದಿಲ್ಲ. ಸೊಂಟಕ್ಕೆ ವೈರು ಬಿಗಿದ ಚಿರತೆಗೆ ನಾನು ಚಿಕಿತ್ಸೆ ಮಾಡಿದ್ದೇನೆ. ಎಳೆದಾಡಿದಷ್ಟೂ ವೈರು ಚರ್ಮ ಸೀಳಿ ಸ್ನಾಯುವಿಗೆ ಇಳಿದಿತ್ತು, ಅದನ್ನು ಕಟ್ಟಿದವರು ಎರಡು ದಿನ ಆ ಕಡೆ ತಲೆಹಾಕಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಉರುಳು ಹಾಕುವುದೂ ಬೇಟೆಯೇ. ಲೆಕ್ಕವಿಲ್ಲದ, ಕಾವಲಿಲ್ಲದ, ಏನು ಸಿಕ್ಕರೂ ಸರಿ ಎನ್ನುವ ಈ ಕೆಲಸಕ್ಕೆ ಕ್ರೀಗಳ ಹೆಸರನ್ನು ದಯವಿಟ್ಟು ಬಳಸಬೇಡಿ. ಬೆಳೆ ನಷ್ಟಕ್ಕೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿ.

ಪ್ರಶ್ನೆ: ಬೀವರಿನ ಬೀಜದಿಂದ ಮಾಡಿದ 'ಜುಂದ್ ಬೇದಸ್ತರ್' ಎಂಬ ಯುನಾನಿ ಔಷಧ ಪುರುಷಶಕ್ತಿ ಹೆಚ್ಚಿಸುತ್ತದೆಯೇ?

ಉತ್ತರ: ಅದು ಬೀಜವಲ್ಲ, ಗಂಡು ಹೆಣ್ಣು ಎರಡರಲ್ಲೂ ಬಾಲದ ಬುಡದ ಬಳಿ ಇರುವ ವಾಸನೆಯ ಚೀಲ, ಪುರುಷಶಕ್ತಿಯ ಮಾತು ಹೇಳಿ ಮಾರುವವನಿಗೆ ಹಣ ಕೊಡಬೇಡಿ.

ಪ್ರಶ್ನೆ: ಒಂಟಾರಿಯೊದಲ್ಲಿರುವ ಮಗನ ಮನೆಯ ಹಿಂದೆ ಮೊಲಗಳಿವೆ. ಉರುಳು ಹಾಕಬಹುದೇ?

ಉತ್ತರ: ತರಬೇತಿ ಮತ್ತು ಲೈಸೆನ್ಸ್ ಇಲ್ಲದೆ ಆ ಯೋಚನೆಯೂ ಬೇಡ.

ಪ್ರಶ್ನೆ: ಉರುಳಿಗೆ ಸಿಕ್ಕ ಪ್ರಾಣಿ ಕಂಡರೆ ವೈರು ಕತ್ತರಿಸಿ ಬಿಡಬಹುದೇ?

ಉತ್ತರ: ಬೇಡ. ಕತ್ತರಿಸಿದರೆ ಅದು ದೇಹದಲ್ಲಿ ಹೂತ ವೈರಿನ ಸಮೇತ ಓಡಿಹೋಗಿ, ಯಾರ ಕಣ್ಣಿಗೂ ಬೀಳದೆ ಕೀವಾಗಿ ಸಾಯುತ್ತದೆ. ಜನರನ್ನು ದೂರವಿಟ್ಟು ಅರಣ್ಯ ಇಲಾಖೆಗೆ ಫೋನ್ ಮಾಡಿ, ಅರಿವಳಿಕೆ ಕೊಡುವ ವೈದ್ಯರು ಬರುವವರೆಗೆ ಸದ್ದು ಮಾಡದೆ ಕಾಯಿರಿ.