ಆಲ್ಫಾ 0.81 ಬಂದರೆ ಟರ್ಕಿಶ್ ಅನುವಾದ ಸರಿಯಿದೆ ಎಂದೇ?

ಬಹಿರ್ಮುಖತೆ ಮುಂತಾದ ಐದು ಗುಣಗಳನ್ನು ಅಳೆಯುವ ಪ್ರಶ್ನಾವಳಿಯನ್ನು ಟರ್ಕಿಶ್‌ಗೆ ಅನುವಾದಿಸಿದ್ದೀರಿ, ಮತ್ತೊಬ್ಬರಿಂದ ಇಂಗ್ಲಿಷಿಗೆ ಮರಳಿಸಿ ನೋಡಿದ್ದೀರಿ, ಇಡೀ ಪ್ರಶ್ನಾವಳಿಗೆ ಆಲ್ಫಾ, ಅಂದರೆ ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ತೋರಿಸುವ ಅಂಕಿ (1ಕ್ಕೆ ಹತ್ತಿರವಾದಷ್ಟೂ ಹೆಚ್ಚು ಹೊಂದಿಕೆ), 0.81 ಬಂದಿದೆ. ಇಸ್ತಾಂಬುಲ್‌ನ ಹತ್ತು ಹನ್ನೊಂದು ವಯಸ್ಸಿನ ಮಕ್ಕಳಿಗೆ ಇದನ್ನು ಕೊಡಬಹುದೇ ಎಂಬುದು ನಿಮ್ಮ ಪ್ರಶ್ನೆ. ಸದ್ಯಕ್ಕೆ ಬೇಡ.

ಐದು ಬೇರೆ ಬೇರೆ ಗುಣಗಳನ್ನು ಒಟ್ಟುಗೂಡಿಸಿದ ಆಲ್ಫಾಕ್ಕೆ ಅರ್ಥವೇ ಇಲ್ಲ. ಒಂದೊಂದು ಗುಣಕ್ಕೂ ಬೇರೆಯಾಗಿ ಲೆಕ್ಕ ಹಾಕಿ. ವ್ಯಕ್ತಿತ್ವ ಅಳೆಯುವ ಐಸೆಂಕ್ ಪ್ರಶ್ನಾವಳಿಯ 24 ಪ್ರಶ್ನೆಗಳ ವಯಸ್ಕರ ರೂಪ 2007ರಲ್ಲಿ ಟರ್ಕಿಶ್‌ಗೆ ಬಂದಾಗ ಒಂದು ಗುಣದ ಆಲ್ಫಾ 0.42ಕ್ಕೇ ನಿಂತಿತ್ತು, ಒಟ್ಟು ಮೊತ್ತವನ್ನಷ್ಟೇ ಕೊಟ್ಟಿದ್ದರೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ನನಗೆ ಹೆಚ್ಚು ಆತಂಕವಿರುವುದು ನಿಷೇಧದ ವಾಕ್ಯಗಳ ಬಗ್ಗೆ. 'ಕೊನುಶುರುಮ್' ಎಂದರೆ ಮಾತನಾಡುತ್ತೇನೆ, 'ಕೊನುಶ್ಮಮ್' ಎಂದರೆ ಮಾತನಾಡುವುದಿಲ್ಲ. ನಮ್ಮ ಹಳೆಯ 'ಮಾಡೆನು' ಇದ್ದ ಹಾಗೆ, ಇಲ್ಲವೆಂಬುದು ಕ್ರಿಯಾಪದದ ಹೊಟ್ಟೆಯೊಳಗೇ ಅಡಗಿದೆ. ಸಾಲದ್ದಕ್ಕೆ, ಅದೇ ಪದಕ್ಕೆ 'ನನ್ನ ಮಾತು' ಎಂಬ ಅರ್ಥವೂ ಇದೆ. ಈಗ 'ಅಪರಿಚಿತರೊಂದಿಗೆ ಕೊನುಶ್ಮಮ್' ಎಂಬ ಹೇಳಿಕೆಯ ಮುಂದೆ 'ಹಿಚ್‌ಬಿರ್ ಜಮಾನ್', ಅಂದರೆ 'ಎಂದಿಗೂ', ಎಂಬ ಆಯ್ಕೆ ಇಡಿ. ಟರ್ಕಿಶ್‌ನಲ್ಲಿ ಆ ಪದ ನಿಷೇಧದ ಜೊತೆಗೇ ಬರುವುದು. ಮಗು ಎರಡನ್ನೂ ಸೇರಿಸಿ 'ಎಂದಿಗೂ ಮಾತನಾಡುವುದಿಲ್ಲ' ಎಂದು ಓದಿಕೊಂಡು ಗುರುತು ಹಾಕುತ್ತದೆ. ನಿಮ್ಮ ಅಂಕಪಟ್ಟಿ ಅದನ್ನು ಮಹಾ ಮಾತುಗಾರ ಎಂದು ಎಣಿಸುತ್ತದೆ!

ಕನ್ನಡದ ಮಕ್ಕಳೊಂದಿಗೆ ನಾನೂ ಇದೇ ಹಳ್ಳಕ್ಕೆ ಬಿದ್ದಿದ್ದೇನೆ. 'ನನಗೆ ಕತ್ತಲೆಯೆಂದರೆ ಹೆದರಿಕೆಯಿಲ್ಲ' ಎಂಬುದಕ್ಕೆ ಐದನೇ ತರಗತಿಯ ಹುಡುಗಿಯೊಬ್ಬಳು 'ಇಲ್ಲ' ಎಂದು ಗುರುತು ಹಾಕಿದ್ದಳು. ಯಾಕಮ್ಮ ಎಂದು ಕೇಳಿದರೆ, "ಇಲ್ಲ ಸಾರ್, ಹೆದರಿಕೆಯೇ ಇಲ್ಲ" ಎಂದಳು. ಇಂಗ್ಲಿಷಿಗೆ ಮರಳಿಸಿ ನೋಡುವ ವಿಧಾನ ಇದನ್ನು ಹಿಡಿಯುವುದಿಲ್ಲ. ಅನುವಾದಕರು ದೊಡ್ಡವರು, ಅರ್ಥವನ್ನು ತಾವೇ ಸರಿಮಾಡಿಕೊಂಡು ಓದುತ್ತಾರೆ.

ಹಾಗಾಗಿ ಮೊದಲು ಹತ್ತು ಹದಿನೈದು ಮಕ್ಕಳ ಪಕ್ಕದಲ್ಲಿ ಒಬ್ಬೊಬ್ಬರಾಗಿ ಕುಳಿತು, ಪ್ರತಿ ಹೇಳಿಕೆಯನ್ನೂ ಅವರ ಮಾತಿನಲ್ಲೇ ಹೇಳಿಸಿ. ನಿಷೇಧದ ವಾಕ್ಯಗಳನ್ನು 'ಇಲ್ಲ' ಬಾರದಂತೆ ತಿರುಗಿಸಿ ಬರೆಯಿರಿ. ಆಮೇಲೆ ಹೊಸ ಮಕ್ಕಳ ಮೇಲೆ ಫ್ಯಾಕ್ಟರ್ ಅನಾಲಿಸಿಸ್ (ಯಾವ ಹೇಳಿಕೆಗಳು ಒಂದೇ ಗುಂಪಿಗೆ ಸೇರುತ್ತವೆ ಎಂದು ನೋಡುವ ಲೆಕ್ಕ), ಕೆಲವು ವಾರ ಬಿಟ್ಟು ಮರುಪರೀಕ್ಷೆ, ಶಿಕ್ಷಕರ ಅಂದಾಜಿನೊಂದಿಗೆ ಹೋಲಿಕೆ. ಮಕ್ಕಳು ಬರೆಯುವಾಗ ಮಾತ್ರ ಆ ಶಿಕ್ಷಕರು ಹೊರಗಿರಲಿ. ಅವರು ಬೆನ್ನ ಹಿಂದೆ ನಿಂತಿದ್ದರೆ ತರಗತಿಯೆಲ್ಲ ಸಂಭಾವಿತರೇ. ವಿಶ್ವವಿದ್ಯಾಲಯದ ನೈತಿಕ ಸಮಿತಿ, ಶಿಕ್ಷಣ ಸಚಿವಾಲಯ ಮತ್ತು ಪೋಷಕರ ಒಪ್ಪಿಗೆಗೆ ಈಗಲೇ ಅರ್ಜಿ ಹಾಕಿಡಿ. ಬರ್ಲಿನ್‌ನ ಟರ್ಕಿಶ್ ಮಕ್ಕಳಿಗೂ ಇದನ್ನೇ ಕೊಡುವ ಯೋಚನೆಯಿದ್ದರೆ, ಶಾಲೆಯಲ್ಲಿ ಜರ್ಮನ್ ಓದುವ ಅವರೊಂದಿಗೆ ಮೊದಲಿನಿಂದ ಕುಳಿತುಕೊಳ್ಳಬೇಕಾಗುತ್ತದೆ.