ಡೈರಿ ಕಂಪ್ಯೂಟರ್ ಲಾಕ್ ಆಗಿದೆ, ದುಡ್ಡು ಕಟ್ಬೇಕಾ?

ಪ್ರಶ್ನೆ: ನಮ್ದು ಮದ್ದೂರು ಕಡೆ ಸಣ್ಣ ಹಾಲಿನ ಸಂಘ ಸಾರ್. ಮೇಲ್‌ನಲ್ಲಿ ಬಂದ ಬಿಲ್ ಓಪನ್ ಮಾಡಿದ್ದಕ್ಕೆ ಬಟವಾಡೆ ಲೆಕ್ಕದ ಫೈಲೆಲ್ಲ ಲಾಕ್ ಆಗಿ ದುಡ್ಡು ಕೇಳ್ತಿದೆ. ಕಟ್ಬಿಡೋದಾ?
– ಕಾರ್ಯದರ್ಶಿ, ಮಂಡ್ಯ ಜಿಲ್ಲೆ

ಉತ್ತರ: ದಯವಿಟ್ಟು ಕಟ್ಬೇಡಿ ಸಾರ್, ಕಟ್ಟಿದ್ರೂ ಫೈಲ್ ವಾಪಸ್ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಇದು ರ‍್ಯಾನ್ಸಮ್‌ವೇರ್, ಅಂದ್ರೆ ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ವೈರಸ್ಸು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನೋ ಇಂಥದ್ದೇ ವೈರಸ್ಸು ಅಪ್‌ಡೇಟ್ ಮಾಡದ ವಿಂಡೋಸ್ ಹುಡುಕ್ಕೊಂಡು ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಿಗೂ ನುಗ್ಗಿತ್ತು, ನಿಮ್ದೊಂದೇ ತಪ್ಪು ಅಂತ ಕೊರಗ್ಬೇಡಿ.

ಮೊದ್ಲು ನೆಟ್ ವೈರ್ ಕಿತ್ತಾಕಿ, ವೈಫೈ ಆಫ್ ಮಾಡಿ, ಫೈಲ್ ಉಳಿಸ್ಕೊಳ್ಳೋಣ ಅಂತ ಪೆನ್‌ಡ್ರೈವ್ ಮಾತ್ರ ಹಾಕ್ಲೇಬೇಡಿ, ಅದ್ರಲ್ಲಿರೋದೂ ಹೋಗುತ್ತೆ. ಸ್ಕ್ರೀನ್ ಮೇಲಿರೋ ಮೆಸೇಜನ್ನ ಮೊಬೈಲಲ್ಲಿ ಫೋಟೋ ತಗೊಂಡು ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಮಂಡ್ಯದ ಸೆನ್ (ಸೈಬರ್ ಅಪರಾಧ ನೋಡ್ಕೊಳ್ಳೋ ಪೊಲೀಸ್) ಠಾಣೇಲಿ ದೂರು ಕೊಡಿ. ಸಂಸ್ಥೆಗಳು ಇಂಥದ್ದನ್ನ 6 ಗಂಟೆಯೊಳಗೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸ್ಬೇಕು ಅಂತ 2022ರಲ್ಲೇ ಆದೇಶ ಆಗಿದೆ. ನೋ ಮೋರ್ ರ‍್ಯಾನ್ಸಮ್ ಅನ್ನೋ ವೆಬ್‌ಸೈಟಲ್ಲಿ ಕೆಲವು ಥರದ ಲಾಕ್‌ಗಳಿಗೆ ಕೀ ಪುಕ್ಕಟೆ ಸಿಗುತ್ತೆ, ಅಲ್ಲೂ ನೋಡಿ.

ಮೆಂಬರ್‌ಗಳ ಪಾಸ್‌ಬುಕ್ಕಲ್ಲಿ ಲೀಟರು, ಫ್ಯಾಟು ಬರ್ದಿರುತ್ತಲ್ಲ, ಈ ಸಲದ ಬಟವಾಡೆ ಅದನ್ನ ನೋಡ್ಕೊಂಡೇ ಮಾಡ್ಬೋದು, ಪಾಪ ಹಸು ಮೇವಿಗೆ ಅದೇ ದುಡ್ಡು ನಂಬ್ಕೊಂಡಿರ್ತಾರೆ. ಮುಂದಕ್ಕೆ ಪ್ರತಿ ಬಟವಾಡೆ ಮುಗಿದ್ಮೇಲೆ ಲೆಕ್ಕನ ಬೇರೆ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ, ವೈರ್ ಬಿಚ್ಚಿ ಬೀರುವಲ್ಲಿ ಇಟ್ಬಿಡಿ.